ಗೋಲ್ ಬಿಟ್ಕೊಟ್ಟ ಮೇಲೆ ಕೂಗೋರು ಯಾರು?

ನಮ್ಮ ಬೆಂಗಳೂರು ಫುಟ್ಬಾಲ್ ಕ್ಲಬ್ಬು, ಅಂದ್ರೆ ಬಿಎಫ್‌ಸಿ, ಸೋತ ವಾರ ನಮ್ಮ ಗುಂಪಲ್ಲಿ ಒಂದೇ ಜಗಳ. ಜನ ಬಂದು ಕೂಗಿದ್ರೆ ತಾನೆ ಟೀಮ್ ಆಡೋದು ಅಂತ ಅರ್ಧ ಜನ, ಟೀಮ್ ನೆಟ್ಟಗೆ ಆಡಿದ್ರೆ ತಾನೆ ಜನ ಬರೋದು ಅಂತ ಇನ್ನರ್ಧ. ಗೆದ್ದ ವಾರ ಈ ಪ್ರಶ್ನೆ ಯಾರಿಗೂ ನೆನಪಿರಲ್ಲ, ಎಲ್ರೂ ನಾವೇ ಗೆಲ್ಸಿದ್ದು ಅಂತ ಓಡಾಡ್ತಿರ್ತಾರೆ. ಕಂಠೀರವದಲ್ಲಿ ವೆಸ್ಟ್ ಬ್ಲಾಕಲ್ಲಿ ನಿಂತು ಗಂಟಲು ಹರ್ಕೊಂಡು ಮಾರನೇ ದಿನ ಆಫೀಸಲ್ಲಿ ಮಾತೇ ಹೊರಡದೆ ಕೂತವರಲ್ಲಿ ನಾನೂ ಒಬ್ಬ, ಹಾಗಾಗಿ ನನಗೆ ಮೊದಲನೇ ಗುಂಪಿನ ಮೇಲೆ ಪ್ರೀತಿ ಜಾಸ್ತಿ. ಆದ್ರೆ ಅವರು ಹೇಳೋದು ಪೂರ್ತಿ ನಿಜ ಅಲ್ಲ.

ಜನ ಕೂಗಿದ್ರೆ ಆಟಗಾರನ ಕಾಲಿಗೆ ಹೊಸ ಶಕ್ತಿ ಬರುತ್ತೆ ಅನ್ನೋದನ್ನ ನಾನು ಅಷ್ಟಾಗಿ ನಂಬಲ್ಲ. ಗಲಾಟೆ ಮೊದಲು ಕೆಲಸ ಮಾಡೋದು ಸೀಟಿ ಹಿಡ್ಕೊಂಡಿರೋನ ಮೇಲೆ. ಇಂಗ್ಲೆಂಡಲ್ಲಿ ಒಂದು ಪ್ರಯೋಗ ಮಾಡಿದ್ರು, 2002ರಲ್ಲಿ ಅದರ ಫಲಿತಾಂಶ ಬಂತು. ಟ್ರೈನಿಂಗ್ ಆಗಿರೋ ರೆಫರಿಗಳನ್ನ ಕೂರಿಸಿ ಲಿವರ್‌ಪೂಲ್ ಮ್ಯಾಚೊಂದರ ಟ್ಯಾಕಲ್‌ಗಳ ವಿಡಿಯೋ ತೋರ್ಸಿದ್ರು, ಅರ್ಧ ಜನಕ್ಕೆ ಸ್ಟೇಡಿಯಂ ಸದ್ದಿನ ಜೊತೆ, ಇನ್ನರ್ಧಕ್ಕೆ ಸೌಂಡ್ ಮ್ಯೂಟ್ ಮಾಡಿ. ಸದ್ದು ಕೇಳಿಸ್ಕೊಂಡವರು ಹೋಂ ಟೀಮ್ ಮೇಲೆ ಕೊಟ್ಟ ಫೌಲ್‌ಗಳು ಸುಮಾರು 15 ಪರ್ಸೆಂಟ್ ಕಮ್ಮಿ. ಅದೇ ಟ್ಯಾಕಲ್, ಅದೇ ಕಾಲು, ಬರೀ ಸದ್ದು ಬೇರೆ. ಲಂಚ ಇಲ್ಲ, ಪಕ್ಷಪಾತ ಮಾಡ್ಬೇಕು ಅನ್ನೋ ಮನಸ್ಸೂ ಇಲ್ಲ, ಸಾವಿರಾರು ಜನ ಒಟ್ಟಿಗೆ ಹೋ ಅಂದಾಗ ಅರೆ ಸೆಕೆಂಡಲ್ಲಿ ಅನುಮಾನ ಬರುತ್ತೆ ಅಷ್ಟೆ.

ಕೊರೋನಾ ಬಂದಾಗ ಅದೇ ಪ್ರಯೋಗ ಇಡೀ ಜಗತ್ತಲ್ಲಿ ನಡೀತು. 2020ರ ಮೇ 16ಕ್ಕೆ ಜರ್ಮನಿಯ ಬುಂಡೆಸ್ಲಿಗಾ ಖಾಲಿ ಸ್ಟೇಡಿಯಂನಲ್ಲಿ ಶುರುವಾಯ್ತಲ್ಲ, ಹಳದಿ ಬಟ್ಟೆ ಹಾಕ್ಕೊಂಡ ಅಭಿಮಾನಿಗಳು ತುಂಬ್ಕೊಳ್ಳೋ ಡಾರ್ಟ್ಮಂಡ್‌ನ ಆ ದೊಡ್ಡ ಹಳದಿ ಗೋಡೆ ಖಾಲಿ ಸಿಮೆಂಟ್ ಆಗಿ ಕಾಣಿಸ್ತಿತ್ತು, ಅದನ್ನ ಟಿವಿಲಿ ನೋಡೋಕೆ ಹೊಟ್ಟೆ ಉರೀತಿತ್ತು. ಆ ದಿನ ಡಾರ್ಟ್ಮಂಡ್ ಏನೋ ಶಾಲ್ಕೆನ 4-0 ಹೊಡ್ದು ಕಳಿಸ್ತು. ಆದ್ರೆ ಆಮೇಲಿನ ವಾರಗಳಲ್ಲಿ ಹೋಂ ಟೀಮ್‌ಗಳು ಗೆಲ್ಲೋದು ಕಮ್ಮಿ ಆಗ್ತಾ ಹೋಯ್ತು, ಹೊರಗಿನಿಂದ ಬಂದ ಟೀಮ್‌ಗೆ ಸಿಗ್ತಿದ್ದ ಹಳದಿ ಕಾರ್ಡೂ ಕಮ್ಮಿ ಆಯ್ತು. ಲಿವರ್‌ಪೂಲ್ ಕಥೆ ಅಂತೂ ಗೊತ್ತೇ ಇದೆ, ತಮ್ಮ ಗ್ರೌಂಡ್ ಆನ್‌ಫೀಲ್ಡಲ್ಲಿ 68 ಲೀಗ್ ಮ್ಯಾಚ್ ಸೋಲದೆ ಬಂದವರು 2021ರ ಜನವರಿಲಿ ಬರ್ನ್ಲಿ ಕೈಲಿ ಸೋತ್ರು, ಅಲ್ಲಿಂದ ಸಾಲಾಗಿ ಆರು ಹೋಂ ಮ್ಯಾಚ್ ಹೋಯ್ತು. ಹಾಗಂತ ಎಲ್ಲಾನೂ ಖಾಲಿ ಸೀಟಿನ ತಲೆಗೆ ಕಟ್ಟೋಕಾಗಲ್ಲ. ವಾನ್ ಡೈಕ್, ಗೋಮೆಜ್, ಮಾಟಿಪ್ ಮೂರೂ ಜನ ಗಾಯ ಮಾಡ್ಕೊಂಡು ಕೂತಿದ್ರು, ಡಿಫೆನ್ಸ್ ಅನ್ನೋದೇ ಇರ್ಲಿಲ್ಲ.

ನಮ್ಮ ಬಿಎಫ್‌ಸಿದೂ ಹಾಗೇ. ಇಂಡಿಯನ್ ಸೂಪರ್ ಲೀಗ್‌ಗೆ, ಅಂದ್ರೆ ಐಎಸ್‌ಎಲ್‌ಗೆ ಬಂದ ಮೊದಲ ಎರಡು ಸೀಸನ್ ಟೇಬಲ್ ಟಾಪ್, ಮೂರನೇದರಲ್ಲಿ ಮೂರನೇ ಸ್ಥಾನ. 2020-21ರಲ್ಲಿ ಇಡೀ ಲೀಗನ್ನ ಗೋವಾದ ಬಬಲ್ ಒಳಗೆ ಜನ ಇಲ್ಲದೆ ಆಡ್ಸಿದಾಗ ಏಳನೇ ಸ್ಥಾನ. ನೋಡಿ ನಾವಿಲ್ಲದೆ ಏನಾಯ್ತು ಅಂತ ನಾವೆಲ್ಲ ಎದೆ ಉಬ್ಬಿಸ್ಕೊಂಡು ಹೇಳ್ತೀವಿ. ಸರಿ ಗುರು, 2023-24ರಲ್ಲಿ ಕಂಠೀರವದ ಗೇಟ್ ತೆಗೆದಿತ್ತಲ್ಲ, ಡ್ರಮ್ಮೂ ಇತ್ತಲ್ಲ, ಆಗ ಹತ್ತನೇ ಸ್ಥಾನ ಯಾಕೆ ಬಂತು? ಇದಕ್ಕೆ ಉತ್ತರ ಕೇಳಿದ್ರೆ ಎಲ್ರೂ ಫೋನ್ ನೋಡ್ತಾರೆ.

ಆ ತರ ಸೀಸನ್‌ಗಳಲ್ಲಿ ನಾನು ಕಣ್ಣಾರೆ ನೋಡಿದ್ದು ಒಂದಿದೆ. ಒಬ್ಬ ಹುಡುಗ, ಹೆಸರು ಬೇಡ, ವಿಂಗಲ್ಲಿ ಆಡ್ತಿದ್ದ. ಮೊದಲನೇ ಸಲ ಬಾಲ್ ಸಿಕ್ಕಿದಾಗ ಡಿಫೆಂಡರನ್ನ ದಾಟೋಕೆ ಹೋಗಿ ಬಾಲ್ ಕಳ್ಕೊಂಡ. ನಮ್ಮ ಹಿಂದಿನ ಸಾಲಿಂದ 'ಅಯ್ಯೋ' ಅಂತ ಒಂದು ಉದ್ಗಾರ. ಎರಡನೇ ಸಲ ಕ್ರಾಸ್ ಹಾಕಿದ, ಅದು ಗೋಲ್ ಪೋಸ್ಟಿನ ಹಿಂದೆ ಹೋಯ್ತು, ಈ ಸಲ ಅಯ್ಯೋ ಅಂದವರು ನೂರು ಜನ, ಜೊತೆಗೆ ಒಬ್ಬ 'ತೆಗೀರೋ ಅವನ್ನ' ಅಂದ. ಮೂರನೇ ಸಲ ಬಾಲ್ ಬಂದಾಗ ಮುಂದೆ ಹತ್ತು ಗಜ ಖಾಲಿ ಜಾಗ ಇತ್ತು, ಅವನು ತಲೆ ಎತ್ತಿ ನೋಡ್ಲೇ ಇಲ್ಲ, ಸೀದಾ ಹಿಂದಕ್ಕೆ ಪಾಸ್. ಅಲ್ಲಿಂದ ಮುಂದೆ ಪೂರ್ತಿ ಅದೇ, ಬಾಲ್ ಬರೋದು ಹಿಂದಕ್ಕೆ ಹೋಗೋದು. ಆಮೇಲೆ ನಮ್ಮೋರೇ 'ಏನಪ್ಪಾ ಬರೀ ಬ್ಯಾಕ್ ಪಾಸ್ ಆಡ್ತಾರೆ, ಬೋರು' ಅಂತ ಶುರು ಮಾಡ್ಕೊಂಡ್ರು. ಆ ಬ್ಯಾಕ್ ಪಾಸ್ ಕಲ್ಸಿದ್ದೇ ನಾವು. ಅವನ ಕಾಲಲ್ಲಿ ಆಟ ಇರ್ಲಿಲ್ಲ ಅಂತಲ್ಲ, ತಪ್ಪು ಮಾಡೋ ಧೈರ್ಯ ಹೋಯ್ತು, ಫುಟ್ಬಾಲಲ್ಲಿ ಅದು ಹೋದ್ರೆ ಉಳಿಯೋದು ಓಡಾಟ ಮಾತ್ರ.

ನನ್ನ ಪ್ರಕಾರ ಜನಕ್ಕೂ ಟೀಮ್‌ಗೂ ಇರೋ ಲೆಕ್ಕಾಚಾರ ಎಲ್ಲಾ ಇಲ್ಲೇ ಇರೋದು. ಸ್ಟೇಡಿಯಂ ತುಂಬಿದ್ರೆ ಗೆಲ್ತೀವಿ ಅನ್ನೋದು ಸುಳ್ಳು. 2018ರ ಜೂನಲ್ಲಿ ಮುಂಬೈಲಿ ಇಂಡಿಯಾ ಚೈನೀಸ್ ತೈಪೆಯನ್ನ 5-0 ಸೋಲ್ಸಿತ್ತು, ನೋಡೋಕೆ ಇದ್ದದ್ದು 2569 ಜನ. ಮಾರನೇ ದಿನ ಇಂಡಿಯಾ ಕ್ಯಾಪ್ಟನ್, ನಮ್ಮ ಬಿಎಫ್‌ಸಿಯ ಸುನಿಲ್ ಛೇತ್ರಿ ವಿಡಿಯೋ ಹಾಕಿ ಬೈರಿ, ಟೀಕೆ ಮಾಡಿ, ಆದ್ರೆ ದಯವಿಟ್ಟು ಸ್ಟೇಡಿಯಂಗೆ ಬನ್ನಿ ಅಂತ ಕೇಳ್ಕೊಂಡ. ಮುಂದಿನ ಕೀನ್ಯಾ ಮ್ಯಾಚಿಗೆ ಟಿಕೆಟ್ಟೇ ಸಿಗ್ಲಿಲ್ಲ, ಅವನ ನೂರನೇ ಮ್ಯಾಚ್ ಬೇರೆ, 3-0 ಗೆದ್ವಿ. ಎಲ್ರೂ ಇದನ್ನ ಇಲ್ಲಿಗೇ ನಿಲ್ಲಿಸ್ತಾರೆ. ಅದಾದ ಮೂರು ದಿನಕ್ಕೆ ನ್ಯೂಜಿಲೆಂಡ್ ಜೊತೆ 1-2 ಸೋತಿದ್ದನ್ನ ಯಾರೂ ಹೇಳಲ್ಲ. 2024ರ ಜೂನ್ 6ಕ್ಕೆ ಕೋಲ್ಕತ್ತಾದ ಸಾಲ್ಟ್ ಲೇಕಲ್ಲಿ ಛೇತ್ರಿಯ ವಿದಾಯದ ಇಂಟರ್‌ನ್ಯಾಷನಲ್ (2025ರಲ್ಲಿ ವಾಪಸ್ ಬಂದ, ಅದು ಬೇರೆ ಮಾತು), ಹತ್ರತ್ರ 59 ಸಾವಿರ ಜನ, ಕುವೈತ್ ಜೊತೆ 0-0. ಅಷ್ಟು ಪ್ರೀತಿನ ಹೊತ್ಕೊಂಡು ಆಡೋದೂ ಕಷ್ಟಾನೇ ಅನ್ಸುತ್ತೆ, ಪ್ರತಿ ಬಾಲೂ ಛೇತ್ರಿಗೇ ಹೋಗ್ಬೇಕು ಅಂತ ಇಡೀ ಸ್ಟೇಡಿಯಂ ಕಾಯ್ತಿತ್ತು.

ಹೊರೆ ಅಂದ್ಮೇಲೆ 2018ರ ಮಾರ್ಚ್ 17 ನೆನಪಾಗದೆ ಇರಲ್ಲ. ಐಎಸ್‌ಎಲ್ ಫೈನಲ್, ನಮ್ಮದೇ ಕಂಠೀರವ, ಲೀಗಲ್ಲಿ ಎರಡನೇ ಸ್ಥಾನದ ಚೆನ್ನೈಯಿನ್‌ಗಿಂತ ಎಂಟು ಪಾಯಿಂಟ್ ಮೇಲಿದ್ದೋರು ನಾವು. ಒಂಬತ್ತನೇ ನಿಮಿಷಕ್ಕೇ ಛೇತ್ರಿ ಗೋಲ್. ಕಪ್ ಬಂದೇ ಬಿಡ್ತು ಅಂತ ನಮ್ಮ ಸ್ಟ್ಯಾಂಡಲ್ಲಿ ಫೋಟೋ ತೆಗೆಯೋಕೆ ಶುರು ಮಾಡಿದ್ರು. ಆಮೇಲೆ ಚೆನ್ನೈಯಿನ್‌ನ ಮೈಲ್ಸನ್ ಆಲ್ವೆಸ್ ಕಾರ್ನರಿಂದ ಒಂದು ಹೆಡರ್, ಹಾಫ್ ಟೈಮಿಗೆ ಮುಂಚೆ ಕಾರ್ನರಿಂದಾನೇ ಇನ್ನೊಂದು. ಎರಡನೇ ಗೋಲ್ ಬಿದ್ದಾಗ ಆ ಸ್ಟೇಡಿಯಂ ಹೇಗೆ ತಣ್ಣಗಾಯ್ತು ಅಂದ್ರೆ ಚೆನ್ನೈನಿಂದ ಬಂದಿದ್ದ ಪುಟ್ಟ ಗುಂಪು ಕೂಗೋದು ಸ್ಪಷ್ಟವಾಗಿ ಕೇಳಿಸ್ತಿತ್ತು. ಗೆಲ್ಲೋಕೆ ಅಂತಾನೆ ಬಂದ ಜನ ಸೋಲು ಕಂಡಾಗ ಏನು ಮಾಡ್ಬೇಕು ಅಂತ ರೆಡಿ ಆಗಿ ಬಂದಿರಲ್ಲ. 2-3ಕ್ಕೆ ಮುಗೀತು, ನಮ್ಮ ಮಿಕು ಕೊನೇಲಿ ಒಂದು ಹೊಡೆದಾಗ ಎಷ್ಟೋ ಜನ ಆಗ್ಲೇ ಮೆಟ್ಟಿಲು ಇಳೀತಿದ್ರು.

ಇದಕ್ಕೆ ಉಲ್ಟಾ ಅದೇ ಗ್ರೌಂಡಲ್ಲಿ ಅದಕ್ಕಿಂತ ಮುಂಚೆ, 2016ರ ಅಕ್ಟೋಬರ್ 19ಕ್ಕೆ ನಡೆದಿತ್ತು. ಏಷ್ಯಾದ ಕ್ಲಬ್‌ಗಳ ಎಎಫ್‌ಸಿ ಕಪ್ ಸೆಮಿಫೈನಲ್, ಎದುರಿಗೆ ಹಿಂದಿನ ವರ್ಷದ ಚಾಂಪಿಯನ್ ಮಲೇಷ್ಯಾದ ಜೊಹೊರ್. ಎರಡು ಮ್ಯಾಚಿನ ಸೆಮಿಯಲ್ಲಿ ಮೊದಲನೇದನ್ನ ಅಲ್ಲಿ 1-1 ಮಾಡ್ಕೊಂಡು ಬಂದಿದ್ವಿ. ಇಲ್ಲಿ ಹನ್ನೊಂದನೇ ನಿಮಿಷಕ್ಕೇ ಅವರ ಗೋಲ್. ಮುಗೀತು ಕಥೆ ಅಂದ್ಕೊಂಡ್ವಾ? ಇಲ್ಲ, ಅದೇ ಆಶ್ಚರ್ಯ. ಗೋಲ್ ಬಿದ್ದು ಬಾಲ್ ಸೆಂಟರ್‌ಗೆ ವಾಪಸ್ ಹೋಗೋದ್ರೊಳಗೆ ಡ್ರಮ್ ಮತ್ತೆ ಶುರುವಾಗಿತ್ತು, ಮೆಗಾಫೋನ್ ಹಿಡ್ದೋನು ಗ್ರೌಂಡಿಗೆ ಬೆನ್ನು ತಿರುಗಿಸ್ಕೊಂಡು ನಮ್ಮ ಮುಖಾನೇ ನೋಡ್ತಾ ಕೂಗಿಸ್ತಿದ್ದ, ಅವನಿಗೆ ಮ್ಯಾಚ್ ಕಾಣಿಸ್ತಾನೂ ಇರ್ಲಿಲ್ಲ. ಟೀಮೂ ಸುಮ್ನಿರ್ಲಿಲ್ಲ. ಗೋಲ್ ಬರ್ಲಿಲ್ಲ, ಆದ್ರೆ ಒಂದು ಟ್ಯಾಕಲ್ ಗೆಲ್ಲೋದು, ಒಂದು ಥ್ರೋ ಬೇಗ ಹಾಕೋದು, ಒಂದು ಕಾರ್ನರ್ ಗಿಟ್ಟಿಸ್ಕೊಳ್ಳೋದು, ಇಂಥ ಸಣ್ಣಪುಟ್ಟದಕ್ಕೆಲ್ಲ ನಾವು ಗೋಲೇ ಬಂತೇನೋ ಅನ್ನೋ ಹಾಗೆ ಕಿರುಚ್ತಿದ್ವಿ, ಅದಕ್ಕೆ ಅವರು ಇನ್ನೊಂದು ಕೊಡ್ತಿದ್ರು. ಹೀಗೆ ಮೂವತ್ತು ನಿಮಿಷ. 41ಕ್ಕೆ ಛೇತ್ರಿ ಸಮ ಮಾಡಿದ. ಸೆಕೆಂಡ್ ಹಾಫಲ್ಲಿ ಅವನದೇ ಇನ್ನೊಂದು, ಆಮೇಲೆ ಹುವಾನನ್, 3-1. ಇಂಡಿಯಾದ ಕ್ಲಬ್ಬೊಂದು ಎಎಫ್‌ಸಿ ಕಪ್ ಫೈನಲ್‌ಗೆ ಹೋಗಿದ್ದು ಅದೇ ಮೊದಲು. ನನಗೆ ಆ ಮೂರು ಗೋಲಿಗಿಂತ ಆ ಮೂವತ್ತು ನಿಮಿಷ ದೊಡ್ಡದು. 2023ರಲ್ಲಿ ಇಂಡಿಯಾ ಆಡಿದ ಸ್ಯಾಫ್ (ದಕ್ಷಿಣ ಏಷ್ಯಾ) ಕಪ್ ಫೈನಲಲ್ಲೂ ಇದೇ ಗ್ರೌಂಡಲ್ಲಿ ಕುವೈತ್ 14ನೇ ನಿಮಿಷಕ್ಕೆ ಮುಂದೆ ಹೋಯ್ತು, ಜನ ಬಾಯಿ ಮುಚ್ಲಿಲ್ಲ, 38ಕ್ಕೆ ಛಾಂಗ್ಟೆ ಸಮ ಮಾಡ್ದ, ಕೊನೆಗೆ ಪೆನಾಲ್ಟಿಲಿ ಗುರ್‌ಪ್ರೀತ್ ಹಿಡಿದು ಕಪ್ ಕೊಟ್ಟ.

ಆದ್ರಿಂದ ಯಾರು ಮೊದಲು ಶುರು ಮಾಡ್ಬೇಕು ಅಂತ ಕೇಳಿದ್ರೆ ನಾನು ಹೇಳೋದು ಇಷ್ಟೆ, 0-0 ಇರೋವಾಗ ಟೀಮ್ ಶುರು ಮಾಡ್ಲಿ, 0-1 ಆದಾಗ ನಾವು ಶುರು ಮಾಡ್ಬೇಕು. ಟೀಮ್ ಕೊಡ್ಬೇಕಾಗಿರೋದು ಗೋಲಲ್ಲ. ಸೋಮಾರಿತನದಿಂದ ನಡ್ಕೊಂಡು ಹೋಗಿ ಥ್ರೋ ತಗೊಳ್ಳೋ ಟೀಮ್‌ಗೆ ಯಾವ ಡ್ರಮ್ಮೂ ಸಹಾಯ ಮಾಡಲ್ಲ. 2019ರಲ್ಲಿ ಲಿವರ್‌ಪೂಲ್ ಬಾರ್ಸಿಲೋನಾಗೆ 4-0 ಹೊಡೆದಿದ್ದು ನೆನಪಿದ್ಯಲ್ಲ, ನಾಲ್ಕನೇ ಗೋಲಿಗೆ ಕಾರ್ನರಲ್ಲಿ ಬಾಲ್ ಬಾಯ್ ಕೈಯಿಂದ ಬಾಲ್ ಪಟ್ ಅಂತ ವಾಪಸ್ ಸಿಕ್ತು, ಅರ್ನಾಲ್ಡ್ ಅಲ್ಲಿಂದ ಹೊರಟಂಗೆ ಮಾಡಿ ತಿರುಗಿ ಒದ್ದ, ಬಾರ್ಸಿಲೋನಾದವರು ಇನ್ನೂ ಜಾಗ ನೋಡ್ಕೊಳ್ತಿದ್ರು, ಒರೀಗಿ ಹೊಡ್ದ. ಬಾಲ್ ಕೊಟ್ಟ ಹುಡುಗ ಟೀಮಲ್ಲಿ ಇಲ್ಲ, ಗ್ಯಾಲರಿಲೂ ಇಲ್ಲ, ಎರಡರ ಮಧ್ಯೆ ಇರೋನು. ಅಂದ್ರೆ ಅದನ್ನೂ ಮೊದಲೇ ಯೋಚನೆ ಮಾಡಿದ್ರು, ಬಾಲ್ ಬೇಗ ಕೊಡಿ ಅಂತ ಹುಡುಗರಿಗೆ ಹೇಳಿಟ್ಟಿದ್ರು.

ಇನ್ನು ಕಂಠೀರವದ ಬಗ್ಗೆ ಒಂದು ಮಾತು ಹೇಳ್ಲೇಬೇಕು. ಅಶೋಕನಗರದ ಹಳೇ ಫುಟ್ಬಾಲ್ ಸ್ಟೇಡಿಯಂ ಇದ್ಯಲ್ಲ, ಬಿಎಫ್‌ಸಿ ಐಎಸ್‌ಎಲ್‌ಗೆ ಬರೋಕೆ ಮುಂಚೆ, ಮೊದಲನೇ ಸೀಸನಲ್ಲೇ ಐ-ಲೀಗ್ ಗೆದ್ದಾಗ ಆಡ್ತಿದ್ದದ್ದು ಅಲ್ಲಿ. ಅಲ್ಲಿ ಲೋಕಲ್ ಲೀಗ್ ನೋಡೋಕೆ ಹೋದ್ರೆ ಆಸ್ಟಿನ್ ಟೌನ್, ಗೌತಮಪುರದ ಹಿರೀಕರು ಬೇಲಿ ಹತ್ರ ಕೂತ್ಕೊಂಡು ತಮಿಳು, ಕನ್ನಡ, ದಖನಿ ಮೂರೂ ಬೆರೆಸಿ ಲೈನ್ಸ್‌ಮನ್‌ಗೆ ಮಂಗಳಾರತಿ ಎತ್ತೋದು ಅವನ ಕಿವಿಗೆ ಅಕ್ಷರ ಅಕ್ಷರ ಬೀಳುತ್ತೆ, ಪಾಪ ಬೆವರ್ತಿರ್ತಾನೆ. ಕಂಠೀರವದಲ್ಲಿ ಗ್ಯಾಲರಿಗೂ ಗ್ರೌಂಡಿಗೂ ಮಧ್ಯೆ ಪೂರ್ತಿ ಅಥ್ಲೆಟಿಕ್ಸ್ ಟ್ರ್ಯಾಕು. ಅದು ಓಡೋ ಮಕ್ಕಳದ್ದು, ಅದನ್ನ ಕಿತ್ತಾಕಿ ಅಂತ ನಾನು ಹೇಳಲ್ಲ, ಆದ್ರೆ ನಮ್ಮ ಅರ್ಧ ಸದ್ದು ಅದರ ಮೇಲೇ ಕರಗಿ ಹೋಗುತ್ತೆ. ಅಷ್ಟಲ್ದೆ ಸದ್ದೆಲ್ಲಾ ಒಂದೇ ಕಡೆ, ಎದುರುಗಡೆ ಕೂತವರು ಶಾಂತವಾಗಿ ಪಾಪ್‌ಕಾರ್ನ್ ತಿಂತಾ ನಮ್ಮನ್ನೇ ವಿಡಿಯೋ ಮಾಡ್ತಿರ್ತಾರೆ.

ಮುಂದಿನ ಸಲ ಒಂದು ಡ್ರಮ್ಮನ್ನಾದ್ರೂ ಆ ಕಡೆ ಕಳ್ಸಿ. ಬಾರಿಸೋಕೆ ಯಾರೂ ಇಲ್ಲ ಅಂದ್ರೆ ನಾನು ಹೋಗ್ತೀನಿ, ತಾಳ ಮಾತ್ರ ಕೇಳ್ಬೇಡಿ.