ಇದು ಆ ಮನೆಯಲ್ಲ, ಆದರೂ ಬನ್ನಿ

ಇಂಗ್ಲೆಂಡಿನ ಯಾರ್ಕ್‌ಷೈರಿನಲ್ಲಿ ಒಂದು ಬೋಳು ಗುಡ್ಡ. ಅದರ ಮೇಲೆ ಸೂರಿಲ್ಲದ ಒಂದು ಪಾಳುಮನೆ. ಹೆಸರು ಟಾಪ್ ವಿದೆನ್ಸ್. ಹಾವರ್ತ್ ಎಂಬ ಊರಿನಿಂದ ಕೆಸರು, ಗಾಳಿ, ಕುರಿಹಿಕ್ಕೆ ಎಲ್ಲ ದಾಟಿ ಗಂಟೆಗಿಂತ ಜಾಸ್ತಿ ನಡೆದರೆ ಸಿಗುತ್ತದೆ. ಎಮಿಲಿ ಬ್ರಾಂಟೆ ‘ವದರಿಂಗ್ ಹೈಟ್ಸ್’ ಕಾದಂಬರಿಯಲ್ಲಿ ಬರೆದ ಮನೆ ಇದೇ ಅಂತ ಜನರ ನಂಬಿಕೆ. ಹಾಗೆ ನಂಬಿ ಏದುಸಿರು ಬಿಡುತ್ತಾ ಹತ್ತಿದವರಿಗೆ ಗೋಡೆಯ ಮೇಲೊಂದು ಫಲಕ ಕಾಣುತ್ತದೆ. 1964ರಲ್ಲಿ ಬ್ರಾಂಟೆ ಸೊಸೈಟಿಯವರೇ ಹಾಕಿಸಿದ್ದು. ಅದರ ಸಾರ ಇಷ್ಟು: ಈ ಮನೆಗೂ ಕಾದಂಬರಿಗೂ ನಂಟು ಹೇಳುತ್ತಾರೆ. ಆದರೆ ಮನೆ ನೆಟ್ಟಗಿದ್ದ ಕಾಲದಲ್ಲೂ ಅದು ಆಕೆ ಬಣ್ಣಿಸಿದ ಮನೆಯ ಹಾಗೆ ಇರಲೇ ಇಲ್ಲ. ಬರೆಯುವಾಗ ಈ ಜಾಗ ಆಕೆಯ ಮನಸ್ಸಿನಲ್ಲಿ ಇದ್ದಿರಲೂಬಹುದು. ಕೊನೆಗೆ ಇನ್ನೊಂದು ಸಾಲು: ತುಂಬಾ ಜನ ಕೇಳುತ್ತಿದ್ದರಿಂದ ಈ ಫಲಕ ಹಾಕಿದ್ದೇವೆ.

ಆ ಕೊನೆಯ ಸಾಲು ನನಗೆ ಬಹಳ ಇಷ್ಟ. ಅದರಲ್ಲಿ ಒಬ್ಬ ಬಡಪಾಯಿ ಸೆಕ್ರೆಟರಿಯ ನಿಟ್ಟುಸಿರು ಕೇಳಿಸುತ್ತದೆ. ವರ್ಷಗಟ್ಟಲೆ ಪತ್ರಗಳಿಗೆ ‘ಅಲ್ಲ ಸ್ವಾಮಿ’, ‘ಅಲ್ಲ ತಾಯಿ’ ಎಂದು ಉತ್ತರ ಬರೆದು ಸಾಕಾಗಿ, ಕೊನೆಗೆ ಗೋಡೆಗೇ ಮೊಳೆ ಹೊಡೆದಂತಿದೆ. ಪ್ರಯೋಜನ ಏನಾಯಿತು? ಜನ ಇನ್ನೂ ಬರುತ್ತಿದ್ದಾರೆ. ಫಲಕದ ಪಕ್ಕ ನಿಂತು ಫೋಟೋ ತೆಗೆಸಿಕೊಳ್ಳುತ್ತಾರೆ. ಛತ್ರದ ಬಾಗಿಲಲ್ಲಿ ‘ನೀವು ಹುಡುಕುತ್ತಿರುವ ಮದುವೆ ಇದಲ್ಲ’ ಎಂದು ಬರೆದು ಹಾಕಿದರೂ ಪಂಕ್ತಿಯಲ್ಲಿ ಕೂರುವವರು ಕೂತೇ ಕೂರುತ್ತಾರೆ ಅಲ್ವಾ, ಹಾಗೆ. ದಾರಿಯ ಕೈಮರಗಳು ಜಪಾನಿ ಭಾಷೆಯಲ್ಲೂ ಇವೆ. ತಪ್ಪು ಮನೆಗೆ ಎರಡೆರಡು ಭಾಷೆಯಲ್ಲಿ ದಾರಿ.

ಗುಡ್ಡದ ಗಾಳಿಯಲ್ಲಿ ಸ್ಫೂರ್ತಿ ಇದೆ ಎನ್ನುತ್ತಾರೆ. ಇದ್ದೀತು. ಎಮಿಲಿಯ ಊರು ಹಾವರ್ತಿನಲ್ಲಿ ಸ್ಫೂರ್ತಿಗೆ ಬರ ಇರಲಿಲ್ಲ, ಚರಂಡಿಗೆ ಇತ್ತು. 1850ರಲ್ಲಿ ಸರ್ಕಾರದ ಇನ್ಸ್‌ಪೆಕ್ಟರ್ ಬಂದು ನೋಡಿ ವರದಿ ಬರೆದ. ಊರಿನಲ್ಲಿ ಸಾಯುವವರ ಸರಾಸರಿ ವಯಸ್ಸು 25 ಚಿಲ್ಲರೆ. ನೂರಕ್ಕೆ 41 ಮಂದಿ ಆರು ವರ್ಷ ತುಂಬುವ ಮೊದಲೇ ಹೋಗುತ್ತಿದ್ದರು. ಊರಿನ ಎತ್ತರದಲ್ಲಿ ತುಂಬಿ ತುಳುಕುವ ಸ್ಮಶಾನ, ತಗ್ಗಿನಲ್ಲಿ ಕುಡಿಯುವ ನೀರು. ಎಮಿಲಿ ಅದಕ್ಕೂ ಮೊದಲೇ, 1848ರಲ್ಲಿ, ಮೂವತ್ತರ ವಯಸ್ಸಿಗೆ ಕ್ಷಯದಿಂದ ತೀರಿಕೊಂಡಿದ್ದಳು. ಆ ಇನ್ಸ್‌ಪೆಕ್ಟರನ್ನು ಊರಿಗೆ ಕರೆಸಲು ಅರ್ಜಿಯ ಬೆನ್ನು ಹತ್ತಿದವನು ಅವಳಪ್ಪ, ಅಲ್ಲಿನ ಪಾದ್ರಿ. ಮೂರು ಹೆಣ್ಣುಮಕ್ಕಳು ಜಗತ್ಪ್ರಸಿದ್ಧ ಲೇಖಕಿಯರಾದ ಮನೆಯಲ್ಲಿ ಊರಿಗೆ ಅತಿ ಹೆಚ್ಚು ಕೆಲಸಕ್ಕೆ ಬಂದ ಬರವಣಿಗೆ ಅಪ್ಪನದ್ದೇ ಅಂತ ನನ್ನ ಅನುಮಾನ. ಆ ಅರ್ಜಿಯನ್ನು ಹುಡುಕಿಕೊಂಡು ಯಾರೂ ಗುಡ್ಡ ಹತ್ತುವುದಿಲ್ಲ.

ಟಾಪ್ ವಿದೆನ್ಸಿನವರದ್ದು ಪಾಪ, ಪ್ರಾಮಾಣಿಕ ಫಲಕ. ಡಾರ್ಚೆಸ್ಟರಿನದ್ದು ನೋಡಿ. ಥಾಮಸ್ ಹಾರ್ಡಿ ಆ ಊರಿಗೆ ಕಾಸ್ಟರ್‌ಬ್ರಿಡ್ಜ್ ಎಂದು ಹೆಸರಿಟ್ಟು ಅಲ್ಲಿನ ಮೇಯರ್‌ನ ಕಥೆ ಬರೆದ. ಬ್ಯಾಂಕಿನ ಶಾಖೆಯೊಂದಿದ್ದ ಕಟ್ಟಡದ ಮೇಲೆ ಇರುವ ಫಲಕ ಹೇಳುತ್ತದೆ: ಕಾಸ್ಟರ್‌ಬ್ರಿಡ್ಜಿನ ಮೇಯರ್ ಈ ಮನೆಯಲ್ಲಿ ವಾಸವಾಗಿದ್ದನೆಂದು ಪ್ರತೀತಿ. ಪ್ರತೀತಿ! ಹುಟ್ಟೇ ಇರದ ಮನುಷ್ಯನ ಬಗ್ಗೆ ಎಷ್ಟು ಎಚ್ಚರಿಕೆಯ ಮಾತು. ನಾವು ಆಧಾರ್, ಪ್ಯಾನ್, ಕರೆಂಟ್ ಬಿಲ್ಲು ಎಲ್ಲ ಹಿಡಿದುಕೊಂಡು ಹೋದರೂ ‘ವಿಳಾಸದ ಪುರಾವೆ ಸಾಲದು’ ಎಂದು ಬ್ಯಾಂಕಿನವರು ವಾಪಸ್ ಕಳಿಸುತ್ತಾರೆ. ಇಲ್ಲಿ ಕಾದಂಬರಿಯ ಪಾತ್ರಕ್ಕೆ ಬ್ಯಾಂಕಿನ ಗೋಡೆಯೇ ವಿಳಾಸದ ಪುರಾವೆ. ಅದೂ ಎಂಥ ಗಿರಾಕಿ! ಕಥೆಯ ಶುರುವಿನಲ್ಲೇ ಕುಡಿದ ಅಮಲಿನಲ್ಲಿ ಹೆಂಡತಿಯನ್ನೂ ಮಗುವನ್ನೂ ಐದು ಗಿನಿಗೆ ಮಾರಿದ ಭೂಪ.

ಈಗ ದೊಡ್ಡವರ ವಿಷಯಕ್ಕೆ ಬರೋಣ. ವರ್ಡ್ಸ್‌ವರ್ತ್ ನಮಗೂ ಸಂಬಂಧಿಕನೇ. ನಮ್ಮ ಕಾಲದ ಹೈಸ್ಕೂಲಿನಲ್ಲಿ ‘ಮೋಡದಂತೆ ಒಂಟಿಯಾಗಿ ಅಲೆದೆ’ ಎಂದು ಶುರುವಾಗುವ ಅವನ ಡ್ಯಾಫೋಡಿಲ್ಸ್ ಪದ್ಯ ಬಾಯಿಪಾಠ ಮಾಡದೆ ಪಾಸಾದವರು ಕಮ್ಮಿ. ಆ ಹೂವನ್ನು ನಾವೂ ನೋಡಿರಲಿಲ್ಲ, ಮೇಷ್ಟ್ರೂ ನೋಡಿರಲಿಲ್ಲ. ‘ಹಳದಿ ಹೂವು ಕಣ್ರೋ, ನಮ್ಮ ಹುಚ್ಚೆಳ್ಳು ಹೊಲ ಇದ್ದಂಗೆ’ ಎಂದು ಮುಗಿಸಿದರು. ಹುಚ್ಚೆಳ್ಳು ಹೊಲದಲ್ಲಿ ಮೋಡದಂತೆ ಒಂಟಿಯಾಗಿ ಅಲೆದರೆ ಹೊಲದ ಯಜಮಾನ ಕೋಲು ತರುತ್ತಾನೆ ಎನ್ನುವುದು ನಮಗೆ ಗೊತ್ತಿತ್ತು. ಕೇಳಲಿಲ್ಲ.

ಅವನು ಒಂಟಿಯಾಗಿರಲಿಲ್ಲ ಎಂದು ತಿಳಿದದ್ದು ಎಷ್ಟೋ ವರ್ಷಗಳ ಮೇಲೆ. 1802ರ ಏಪ್ರಿಲ್ 15ರಂದು ಅಲ್ಸ್‌ವಾಟರ್ ಸರೋವರದ ದಡದಲ್ಲಿ ಜೊತೆಗೆ ತಂಗಿ ಡೊರೊತಿ ಇದ್ದಳು. ಹೂಗಳು ಕುಣಿದದ್ದು, ನಕ್ಕದ್ದು, ದಣಿದಂತೆ ಕಲ್ಲಿಗೆ ತಲೆ ಒರಗಿಸಿದ್ದು, ಎಲ್ಲವನ್ನೂ ಅವಳು ತನ್ನ ದಿನಚರಿಯಲ್ಲಿ ಬರೆದಿಟ್ಟಳು. ಅಣ್ಣ ಪದ್ಯ ಬರೆದದ್ದು ಆಮೇಲೆ, ನಿಧಾನವಾಗಿ. ಪದ್ಯದಲ್ಲಿ ತಂಗಿ ಇಲ್ಲ. ಏಕಾಂತದ ಸುಖವನ್ನು ಹೇಳುವ ಎರಡು ಸಾಲಂತೂ ಹೆಂಡತಿ ಮೇರಿ ಹೊಳೆಯಿಸಿದ್ದು. ಮನೆ ತುಂಬ ಹೆಂಗಸರು ದುಡಿದು ಒಬ್ಬ ಗಂಡಸಿನ ಒಂಟಿತನ ಸಿದ್ಧವಾಯಿತು.

ಇದೇ ಮನುಷ್ಯ ತಾನಿದ್ದ ಸರೋವರ ಸೀಮೆಗೊಂದು (ಲೇಕ್ ಡಿಸ್ಟ್ರಿಕ್ಟ್) ಪ್ರವಾಸಿ ಗೈಡ್ ಬರೆದ. 1835ಕ್ಕೆ ಅದು ಐದನೇ ಮುದ್ರಣ ಕಂಡಿತ್ತು. ಎಷ್ಟು ಜನಪ್ರಿಯ ಎಂದರೆ, ನೋಡಲು ಬಂದ ಪಾದ್ರಿಯೊಬ್ಬ ‘ಗೈಡ್ ಬಿಟ್ಟು ಬೇರೇನಾದರೂ ಬರೆದಿದ್ದೀರಾ?’ ಎಂದು ಕವಿಯನ್ನೇ ಕೇಳಿದನಂತೆ. ಈ ಕಥೆ ಹೇಳಿದವನು ವಿಮರ್ಶಕ ಮ್ಯಾಥ್ಯೂ ಆರ್ನಾಲ್ಡ್. ಗೈಡ್ ಓದಿದ ಮೇಲೆ ಜನ ಬರಬೇಕಲ್ಲ, ಬರಲು ರೈಲು ಬೇಕಲ್ಲ. 1844ರಲ್ಲಿ ಕೆಂಡಲ್ ಊರಿನಿಂದ ವಿಂಡರ್‌ಮಿಯರ್ ಸರೋವರದ ಕಡೆಗೆ ಹಳಿ ಹಾಕುತ್ತೇವೆ ಎಂದರು. ಕವಿಗೆ ಕೆಂಡದಂಥ ಕೋಪ. ಸಾನೆಟ್ ಬರೆದ, ಪತ್ರಿಕೆಗೆ ಪತ್ರಗಳನ್ನು ಬರೆದ. ಕೂಲಿ ಜನ ಗುಂಪುಗುಂಪಾಗಿ ರೈಲಿನಲ್ಲಿ ಬಂದಿಳಿದರೆ ಅವರಿಗೆ ಇಲ್ಲಿನ ಸೊಬಗು ದಕ್ಕುವುದಿಲ್ಲ, ಅಂಥ ಕಣ್ಣು ನಿಧಾನವಾಗಿ ಬರಬೇಕು ಎನ್ನುವುದು ಅವನ ವಾದ. ಅಂದಹಾಗೆ ಕವಿಗೆ ಸರ್ಕಾರಿ ಕೆಲಸ ಇತ್ತು. 1813ರಿಂದ 1842ರವರೆಗೆ ಆ ಸೀಮೆಗೆ ಸ್ಟಾಂಪ್ ಪೇಪರ್ ಹಂಚುವ ಅಧಿಕಾರಿ. ಪ್ರಕೃತಿಗೂ ಒಂದು ಛಾಪಾಕಾಗದ ಇರಲಿ ಅಂತ ಅನಿಸಿರಬೇಕು.

ರೈಲು ಬಂತು, 1847ರಲ್ಲಿ. ಕೊನೆಯ ನಿಲ್ದಾಣದ ಊರಿನ ಹೆಸರು ಬರ್ತ್‌ವೇಟ್. ಆದರೆ ನಿಲ್ದಾಣಕ್ಕೆ ವಿಂಡರ್‌ಮಿಯರ್ ಎಂದು ಬೋರ್ಡು ಹಾಕಿದರು. ಬೋರ್ಡಿನ ಮುಂದೆ ಊರು ಸೋತಿತು, ಹೆಸರು ಬದಲಿಸಿಕೊಂಡಿತು. ಈಗ ವರ್ಷಕ್ಕೆ ಹೆಚ್ಚುಕಮ್ಮಿ 1.8 ಕೋಟಿ ಜನ ಸರೋವರ ಸೀಮೆಗೆ ಒಂಟಿತನ ಅನುಭವಿಸಲು ಬರುತ್ತಾರೆ. ಗ್ರಾಸ್‌ಮಿಯರ್‌ನಲ್ಲಿ ಕವಿಯ ಸಮಾಧಿಯ ಪಕ್ಕದಲ್ಲೇ ಡ್ಯಾಫೋಡಿಲ್ ತೋಟ ಮಾಡಿದ್ದಾರೆ. ದುಡ್ಡು ಕೊಟ್ಟರೆ ಕಾಲುದಾರಿಯ ಕಲ್ಲಿನ ಮೇಲೆ ನಮ್ಮ ಹೆಸರು ಕೆತ್ತಿಸಬಹುದು. ನಮ್ಮವರು ಬೇಲೂರಿನ ಕಂಬದ ಮೇಲೆ ಬಿಟ್ಟಿಯಾಗಿ ಕೆತ್ತಿ ಬೈಸಿಕೊಳ್ಳುತ್ತಾರೆ. ಇನ್ನು ವಿಂಡರ್‌ಮಿಯರ್ ಸರೋವರದ ದಡದಲ್ಲಿ ಈಚೆಗೆ ಜನ ಬೋರ್ಡು ಹಿಡಿದು ನಿಲ್ಲುತ್ತಿದ್ದಾರೆ. ಕವಿತೆಯ ಬೋರ್ಡಲ್ಲ. ನೀರಿಗೆ ಕೊಳಚೆ ಬಿಡಬೇಡಿ ಎಂಬ ಬೋರ್ಡು.

ರೈಲಿನ ಮಾತು ಬಂದಾಗ ಆ್ಯಡ್ಲ್‌ಸ್ಟ್ರಾಪ್ ಬಿಡುವ ಹಾಗಿಲ್ಲ. 1914ರ ಜೂನ್ 24. ಎಡ್ವರ್ಡ್ ಥಾಮಸ್ ಕೂತಿದ್ದ ರೈಲು ಗ್ಲೌಸ್ಟರ್‌ಷೈರಿನ ಈ ಪುಟ್ಟ ನಿಲ್ದಾಣದಲ್ಲಿ ಸುಮ್ನೆ ನಿಂತಿತು. ಯಾರೂ ಇಳಿಯಲಿಲ್ಲ, ಯಾರೂ ಹತ್ತಲಿಲ್ಲ. ಅವನಿಗೆ ಕಂಡದ್ದು ಊರಿನ ಹೆಸರಿನ ಬೋರ್ಡು, ಕೇಳಿದ್ದು ಹಕ್ಕಿಯ ದನಿ. ಅಷ್ಟರಿಂದಲೇ ಒಂದು ಒಳ್ಳೆಯ ಪದ್ಯ ಬರೆದ. ನಿಜಕ್ಕೂ ಒಳ್ಳೆಯದು, ಅದನ್ನು ಗೇಲಿ ಮಾಡಲು ನನಗೆ ಮನಸ್ಸಿಲ್ಲ. ಆದರೆ ಯಾರೂ ಇಳಿಯದ, ಹತ್ತದ ನಿಲ್ದಾಣವನ್ನು ರೈಲ್ವೆಯವರೂ ಗಮನಿಸಿದರು ನೋಡಿ. ಅವತ್ತು ಒಂದು ರೈಲು ನಿಂತಿತ್ತು, 1966ರಲ್ಲಿ ರೈಲು ನಿಲ್ಲುವುದೇ ನಿಂತಿತು. ಬೋರ್ಡನ್ನು ಮಾತ್ರ ಎಸೆಯಲು ಮನಸ್ಸಾಗಲಿಲ್ಲ. ಕಿತ್ತು ತಂದು ಊರೊಳಗಿನ ಬಸ್ ಶೆಲ್ಟರಿನಲ್ಲಿ ಹಾಕಿದ್ದಾರೆ. ಪಕ್ಕದ ಬೆಂಚಿನಲ್ಲಿ ಪದ್ಯವೂ ಇದೆ. ರೈಲಿನ ಪದ್ಯ ಓದುತ್ತಾ ಬಸ್ಸು ಕಾಯಬಹುದು.

ನಗುವ ಮೊದಲು ಸ್ವಲ್ಪ ತಡೆಯಿರಿ. ಶಿವಮೊಗ್ಗ ಜಿಲ್ಲೆಯ ಅರಸಾಳು ನಿಲ್ದಾಣದಲ್ಲಿ 2020ರಲ್ಲಿ ನಾವೂ ಮಾಲ್ಗುಡಿ ಮ್ಯೂಸಿಯಂ ಮಾಡಿದ್ದೇವೆ. ಇಲ್ಲದ ಊರಿನ ಕಥೆ, ಆ ಕಥೆಯ ಧಾರಾವಾಹಿ, ಧಾರಾವಾಹಿಯ ಶೂಟಿಂಗ್ ನಡೆದ ನಿಲ್ದಾಣ, ಆ ನಿಲ್ದಾಣದಲ್ಲಿ ಇಲ್ಲದ ಊರಿನ ಮ್ಯೂಸಿಯಂ. ನಾನೂ ಹೋಗಿ ಫೋಟೋ ತೆಗೆಸಿಕೊಳ್ಳುವವನೇ.

ಸಸೆಕ್ಸಿನ ಆ್ಯಶ್‌ಡೌನ್ ಕಾಡಿನ ಕಥೆ ಇನ್ನೂ ದುಬಾರಿ. ವಿನ್ನಿ ದ ಪೂ ಎಂಬ ಮಕ್ಕಳ ಕಥೆಯ ಕರಡಿ ಅಲ್ಲಿನ ಒಂದು ಸೇತುವೆ ಮೇಲಿಂದ ನೀರಿಗೆ ಕಡ್ಡಿ ಎಸೆದು ಆಡಿತ್ತು. ಓದಿದವರೆಲ್ಲ ಬಂದು ಕಡ್ಡಿ ಎಸೆದರು. ಸುತ್ತಲಿನ ಮರಗಳ ರೆಂಬೆ ಬೋಳಾಗಿ, ಈಗ ಕಡ್ಡಿಯನ್ನು ಮನೆಯಿಂದಲೇ ತನ್ನಿ ಎನ್ನುವ ಸಲಹೆ ಕೊಡುತ್ತಾರೆ. ಕಾಡಿಗೆ ಸೌದೆ ಹೊತ್ತುಕೊಂಡು ಹೋಗುವ ಪ್ರವಾಸ! 1907ರಲ್ಲಿ ಕಟ್ಟಿದ್ದ ಮೂಲ ಸೇತುವೆ ಸವೆದು 1999ರಲ್ಲಿ ಬಿಚ್ಚಿಟ್ಟಿದ್ದರು. 2021ರಲ್ಲಿ ಆ ಹಲಗೆಗಳು ಹರಾಜಿನಲ್ಲಿ 1,31,625 ಪೌಂಡಿಗೆ ಹೋದವು. ನಮ್ಮ ಲೆಕ್ಕದಲ್ಲಿ ಕೋಟಿಗೂ ಮೇಲೆ. ಈ ಕರಡಿಗೆ ಬುದ್ಧಿ ತುಂಬಾ ಕಮ್ಮಿ ಎಂದು ಪುಸ್ತಕದಲ್ಲೇ ಬರೆದಿದೆ. ದುಡ್ಡು ಕೊಟ್ಟವರ ಬಗ್ಗೆ ಪುಸ್ತಕ ಏನೂ ಹೇಳುವುದಿಲ್ಲ.

ಪುಸ್ತಕದ ಪ್ರಕಾರ ಊರು ನಡೆಯಬೇಕು ಎಂಬ ಆಸೆಯನ್ನು ಚಾಚೂ ತಪ್ಪದೆ ಈಡೇರಿಸಿದವರು ಬಿಲ್ಡರುಗಳು. 1972ರ ‘ವಾಟರ್‌ಶಿಪ್ ಡೌನ್’ ಕಾದಂಬರಿ ಮೊಲಗಳ ಕಥೆ. ನ್ಯೂಬರಿ ಪಕ್ಕದ ಸ್ಯಾಂಡಲ್‌ಫರ್ಡ್ ಬಯಲಿನಲ್ಲಿ ಒಂದು ಬೋರ್ಡು ನೆಟ್ಟಿರುತ್ತಾರೆ, ಇಲ್ಲಿ ಒಳ್ಳೊಳ್ಳೆ ಮನೆಗಳು ಬರಲಿವೆ ಅಂತ. ಮೊಲಗಳಿಗೆ ಓದಲು ಬಾರದು. ಒಂದು ಮೊಲಕ್ಕೆ ಮಾತ್ರ ಏನೋ ಕೆಡುಕು ಹೊಳೆದು, ನಂಬಿದ ಕೆಲವು ಅದರ ಜೊತೆ ಓಡಿಹೋಗುತ್ತವೆ. 2022ರಲ್ಲಿ ಸರ್ಕಾರ ನಿಜವಾದ ಸ್ಯಾಂಡಲ್‌ಫರ್ಡಿನಲ್ಲಿ ಸಾವಿರಕ್ಕೂ ಹೆಚ್ಚು ಮನೆ ಕಟ್ಟಲು ಒಪ್ಪಿಗೆ ಕೊಟ್ಟಿತು. ಟಾಪ್ ವಿದೆನ್ಸ್ ಕಾದಂಬರಿಗೆ ಹೊಂದಲಿಲ್ಲ ಎಂದು ಕೊರಗುವವರು ಇಲ್ಲಿಗೆ ಬರಬಹುದು.

ಇವರೆಲ್ಲರ ನಡುವೆ ನಿಜವಾಗಿ ಹೊಲದಲ್ಲಿ ಕೂಲಿ ಮಾಡಿದ ಒಬ್ಬ ಕವಿ ಇದ್ದ. ಜಾನ್ ಕ್ಲೇರ್, ಹೆಲ್ಪ್‌ಸ್ಟನ್ ಊರಿನವನು. ಅವನ ಕಾಲದಲ್ಲಿ ಊರ ಗೋಮಾಳಕ್ಕೆಲ್ಲ ಬೇಲಿ ಬಿತ್ತು, ಸಂಸತ್ತಿನಲ್ಲಿ ಕಾಯ್ದೆ ಮಾಡಿಯೇ. ಹೆಲ್ಪ್‌ಸ್ಟನ್ನಿನ ಸರದಿ 1809ರಲ್ಲಿ ಬಂತು. ದನ ಮೇಯಿಸಿದ ಬಯಲಿಗೆ ಒಬ್ಬ ಯಜಮಾನ ಹುಟ್ಟಿಕೊಂಡ. ಬೋರ್ಡಿನ ಬಗ್ಗೆ ಬರೆದ ಕವಿ ಇವನೇ: ‘ಇಲ್ಲಿ ದಾರಿ ಇಲ್ಲ’ ಎನ್ನುವ ಬೋರ್ಡು ನೆಟ್ಟಿರುವುದು ಅವನ ಪದ್ಯದಲ್ಲಿದೆ. ಇವತ್ತಿಗೂ ಇಂಗ್ಲೆಂಡಿನ ನೆಲದಲ್ಲಿ ಜನ ಮನಸೋ ಇಚ್ಛೆ ಅಡ್ಡಾಡಲು ಕಾನೂನು ಬಿಟ್ಟಿರುವುದು ನೂರಕ್ಕೆ ಎಂಟರಷ್ಟು. ಉಳಿದಲ್ಲಿ ಕಾಲುದಾರಿ ಇದ್ದರೆ ಅದೇ ಗೆರೆ ಹಿಡಿದು ನಡೆಯಬೇಕು. ಮೋಡಕ್ಕೆ ಈ ತೊಂದರೆ ಇಲ್ಲ.

1841ರ ಜುಲೈನಲ್ಲಿ ಕ್ಲೇರ್ ಎಸೆಕ್ಸಿನ ಹುಚ್ಚಾಸ್ಪತ್ರೆಯಿಂದ ತಪ್ಪಿಸಿಕೊಂಡ. ನಾಲ್ಕು ದಿನ, ಸುಮಾರು 130 ಕಿಲೋಮೀಟರ್ ನಡೆದ. ಹಸಿವಾದಾಗ ರಸ್ತೆ ಬದಿಯ ಹುಲ್ಲು ತಿಂದ. ಅದರ ರುಚಿ ಬ್ರೆಡ್ಡಿನ ಹಾಗಿತ್ತು ಎಂದು ಬರೆದುಕೊಂಡಿದ್ದಾನೆ. ನೋಡಲು ಹೊರಟಿದ್ದ, ಎಳೆವಯಸ್ಸಿನಲ್ಲಿ ಪ್ರೀತಿಸಿದ್ದ ಹುಡುಗಿ ತೀರಿಹೋಗಿ ಮೂರು ವರ್ಷವಾಗಿತ್ತು. ಅದೇ ವರ್ಷದ ಕೊನೆಗೆ ಅವನನ್ನು ಇನ್ನೊಂದು ಹುಚ್ಚಾಸ್ಪತ್ರೆಗೆ ಸೇರಿಸಿದರು. 1864ರಲ್ಲಿ ಸಾಯುವವರೆಗೂ ಅಲ್ಲೇ ಇದ್ದ. ಪ್ರಕೃತಿಯಿಂದ ಹೊಟ್ಟೆ ತುಂಬುತ್ತದೆ ಎಂದು ಬರೆದ ಕವಿಗಳು ಬಹಳ. ತಿಂದು ನೋಡಿ ಬರೆದವನು ಇವನೊಬ್ಬನೇ ಇರಬೇಕು.

ಹೆಲ್ಪ್‌ಸ್ಟನ್ನಿನಲ್ಲಿ ಅವನು ಹುಟ್ಟಿದ ಗುಡಿಸಲನ್ನು ಮ್ಯೂಸಿಯಂ ಮಾಡಿದ್ದಾರೆ. ಗೋಡೆಗೆ ಒಂದು ಫಲಕವೂ ಇದೆ. ಈ ಸಲ ಮನೆ ಮಾತ್ರ ಸರಿಯಾದದ್ದೇ.