ನಟ್ ಪಾರ್ಟಿ, ಬೋಲ್ಟ್ ಪಾರ್ಟಿ

ಚಕ್ರ ಬಿಗಿಯುವ ವಿಷಯದಲ್ಲಿ ಕಾರುಗಳಲ್ಲೂ ಎರಡು ಪಂಗಡ ಇವೆ. ಒಂದರಲ್ಲಿ ಚಕ್ರ ಕೂರುವ ಭಾಗವಾದ ಹಬ್‌ನಿಂದ ಸ್ಟಡ್‌ಗಳು ಹೊರಗೆ ಚಾಚಿಕೊಂಡಿರುತ್ತವೆ, ಅವಕ್ಕೆ ನಟ್ ತಿರುಗಿಸಿದರೆ ಆಯ್ತು. ಇನ್ನೊಂದರಲ್ಲಿ ಹಬ್‌ಗೆ ಬರೀ ತೂತು, ಚಕ್ರದೊಳಗಿಂದ ಬೋಲ್ಟ್ ತೂರಿಸಿ ಬಿಗಿಯಬೇಕು. ನಮ್ಮ ಮಾರುತಿ ನಟ್ ಪಾರ್ಟಿ. ಭಾವನ ಜರ್ಮನ್ ಕಾರು ಬೋಲ್ಟ್ ಪಾರ್ಟಿ. ಕಾರು ಶೆಡ್ಡಿನಲ್ಲಿರುವಾಗ ಈ ಭೇದ ಯಾರಿಗೂ ಬೇಕಿಲ್ಲ. ಸಕಲೇಶಪುರದ ಹತ್ತಿರ ಜಡಿಮಳೆಯಲ್ಲಿ ಭಾವನ ಕಾರು ಪಂಚರ್ ಆದಾಗ ಬೇಕಾಯಿತು.

ಮೊದಲ ಬೋಲ್ಟೇ ಜಪ್ಪಯ್ಯ ಅಂದರೂ ಅಲ್ಲಾಡಲಿಲ್ಲ. ಹಿಂದೆ ಯಾರೋ ಬೋಲ್ಟ್ ಬಿಗಿಯುವ ಗನ್ನಿನಲ್ಲಿ ಟರ್ರ್ ಅಂತ ಬಿಗಿದಿದ್ದರು. ಇಂಥ ಬೋಲ್ಟಿಗೆ 120 ನ್ಯೂಟನ್ ಮೀಟರ್ ಸಾಕು. ಅಂದ್ರೆ ಅರ್ಧ ಮೀಟರ್ ಕೋಲಿನ ತುದಿಗೆ ಸುಮಾರು 24 ಕೆಜಿ ಭಾರ ಬಿಟ್ಟಷ್ಟು. ಭಾವನ ತೂಕ ತೊಂಬತ್ತರ ಹತ್ತಿರ. ಸ್ಪ್ಯಾನರ್ ಮೇಲೆ ಹತ್ತಿ ನಿಂತರು. ಆಮೇಲೆ ಕುಣಿದರು. ಕಿರ್ರ್ ಅಂತ ಒಂದೊಂದಾಗಿ ನಾಲ್ಕು ಸಡಿಲವಾದವು.

ಐದನೆಯದು ಲಾಕ್ ಬೋಲ್ಟ್. ಕಳ್ಳರು ಚಕ್ರ ಕದಿಯಬಾರದು ಅಂತ ಹಾಕಿಸಿದ್ದು. ಅದಕ್ಕೆ ಬೇರೆಯದೇ ಒಂದು ಕೀ.

"ಕೀ ಎಲ್ಲಿ ಭಾವ?"

"ಕಳೆದುಹೋಗ್ಬಾರ್ದು ಅಂತ ಬೀರುವಿನಲ್ಲಿ ಇಟ್ಟಿದೀನಿ."

ಬೀರು ಮೈಸೂರಿನಲ್ಲಿತ್ತು.

ಪಂಚರ್ ಅಂಗಡಿಯ ಹುಡುಗ ಬಂದ. ಒಂದು ಸೈಜು ಚಿಕ್ಕದಾದ ಹಳೇ ಸಾಕೆಟ್ಟನ್ನು ಆ ಬೋಲ್ಟಿನ ತಲೆಗೆ ಸುತ್ತಿಗೆಯಿಂದ ಹೊಡೆದು ಕೂರಿಸಿ, ತಿರುಗಿಸಿ, ಎತ್ತಿ ಕೊಟ್ಟ. ಅಷ್ಟೇ ಕೆಲಸ. ಕಳ್ಳರಿಗೆ ಇದು ಗೊತ್ತಿರಲ್ವಾ?

ಸ್ಟೆಪ್ನಿ ಕೂರಿಸುವಾಗ ಅಸಲಿ ಕಷ್ಟ. ನಮ್ಮ ಕಾರಿನಲ್ಲಾದರೆ ಗೂಟಕ್ಕೆ ಅಂಗಿ ನೇತುಹಾಕಿದ ಹಾಗೆ ಚಕ್ರವನ್ನು ಸ್ಟಡ್ಡಿಗೆ ಹಾಕಿ ಮೂಗು ಒರೆಸಿಕೊಳ್ಳಬಹುದು. ಇಲ್ಲಿ ಚಕ್ರ ಹುಡುಗನ ಎರಡು ಕೈಯಲ್ಲಿ, ಬೋಲ್ಟ್ ಭಾವನ ಕೈಯಲ್ಲಿ, ಕೊಡೆ, ಟಾರ್ಚು ನನ್ನ ಕೈಯಲ್ಲಿ. ಚಕ್ರದ ತೂತಿಗೂ ಹಬ್ಬಿನ ತೂತಿಗೂ ಜಾತಕ ಕೂಡಿಬರಬೇಕು. ಬಂತು ಅನ್ನುವಷ್ಟರಲ್ಲಿ ಚಕ್ರ ಜಾರುತ್ತಿತ್ತು.

"ಥ್ರೆಡ್ ಹಾಳಾದ್ರೆ ನಮ್ದರಲ್ಲಿ ಬೋಲ್ಟ್ ಒಂದೇ ಬದಲಾಯಿಸಿದ್ರೆ ಸಾಕು. ನಿಮ್ದರಲ್ಲಿ ಸ್ಟಡ್ಡನ್ನ ಹಬ್‌ನಿಂದ ಹೊಡೆದು ತೆಗೀಬೇಕು," ಅಂದರು ಭಾವ, ಮುಖದ ನೀರು ಒರೆಸುತ್ತಾ. ಮಾತು ನಿಜವೇ. ಹಬ್ಬಿನೊಳಗಿನ ಥ್ರೆಡ್ಡೇ ಹೋದರೆ ಅಂತ ಕೇಳಿದೆ. ಟಾರ್ಚು ಸರಿಯಾಗಿ ಹಿಡಿ ಅಂದರು.

ಐದನೇ ತೂತಿಗೆ ನಾನೇ ಹುಡುಗನ ಡಬ್ಬಿಯಿಂದ ಒಂದು ಬೋಲ್ಟ್ ಆರಿಸಿದೆ. ಅವನು ಅದನ್ನೂ ಭಾವನ ಬೋಲ್ಟನ್ನೂ ಅಂಗೈ ಮೇಲೆ ಇಟ್ಟು ತೋರಿಸಿದ. ಭಾವನದಕ್ಕೆ ಕುತ್ತಿಗೆ ಗುಂಡಗಿತ್ತು, ಡಬ್ಬಿಯದು ಆಲಿಕೆಯಂತೆ ಇಳಿಜಾರು. "ಥ್ರೆಡ್ ಹಿಡಿದ್ರೂ ಸರಿಯಾಗಿ ಕೂರಲ್ಲ ಸಾರ್, ಆಮೇಲೆ ಸಡಿಲ ಆಗತ್ತೆ. ನಾಲ್ಕರಲ್ಲೇ ನಿಧಾನ ಹೋಗಿ, ಹಾಸನದಲ್ಲಿ ಸರಿಯಾದ್ದು ಹಾಕಿಸಿ." ಎದುರುಬದುರಾಗಿ ನಾಲ್ಕನ್ನೂ ಬಿಗಿದ. ಆಮೇಲೆ ಕಾರಿನ ಸುತ್ತ ಒಂದು ರೌಂಡ್ ಹೊಡೆದ.

"ಉಳಿದ ಮೂರು ಚಕ್ರದಲ್ಲೂ ಒಂದೊಂದು ಲಾಕ್ ಇದೆ ಸಾರ್. ತೆಗೆದುಬಿಡ್ಲಾ?"

"ಬೇಡಪ್ಪಾ," ಅಂದರು ಭಾವ. "ಕಳ್ಳರ ಕಾಟ ಜಾಸ್ತಿ."