ಕುರ್ಚಿ ಹುಡುಕಿಕೊಂಡು 400 ಕಿಲೋಮೀಟರ್

ಶಿರಸಿ ಬಸ್ ಸ್ಟ್ಯಾಂಡಿನಲ್ಲಿ ನಮ್ಮ ಭಾವನಿಗೆ ಒಂದು ಹೆಸರಿದೆ. ಬಸ್ಸು ಇನ್ನೂ ರಿವರ್ಸ್ ಬರುತ್ತಿರುವಾಗಲೇ ಅದರ ಪಕ್ಕದಲ್ಲಿ ಓಡಿ, ಕಿಟಕಿಯೊಳಗೆ ಟವೆಲ್ ಎಸೆಯುತ್ತಾನೆ. ಒಂದೇ ಎಸೆತ. ಟವೆಲ್ ಮೂರು ಜನರ ಸೀಟಿನ ಮೇಲೆ ಉದ್ದಕ್ಕೆ ಬಿಚ್ಚಿಕೊಂಡು ಬೀಳುತ್ತದೆ. ಆಮೇಲೆ ನಾವು ಚಹಾ ಕುಡಿದು ನಿಧಾನಕ್ಕೆ ಹತ್ತಿದರೂ ಆ ಸೀಟು ನಮ್ಮದೇ. ಟವೆಲ್ ಬಿದ್ದ ಜಾಗದಲ್ಲಿ ಕೂರಬಾರದು ಎಂದು ಯಾವ ಕಾನೂನಿನಲ್ಲೂ ಬರೆದಿಲ್ಲ. ಆದರೂ ಬರೆದ ಕಾನೂನುಗಳಿಗಿಂತ ಇದನ್ನೇ ಜನ ಜಾಸ್ತಿ ಪಾಲಿಸುತ್ತಾರೆ.

ಇಂಥ ಭಾವ ಜೊತೆಗಿದ್ದಾನೆ ಎಂಬ ಧೈರ್ಯದಲ್ಲೇ ನಾವು ಏಳು ಜನ ಬೆಂಗಳೂರಿನ ಹತ್ತಿರದ ಒಂದು ಥೀಮ್ ಪಾರ್ಕಿಗೆ ಹೊರಟಿದ್ದು. ಅಕ್ಕ, ಭಾವ, ಅವರ ಇಬ್ಬರು ಮಕ್ಕಳು, ನಾನು, ನನ್ನ ಹೆಂಡತಿ, ಮತ್ತೆ 68 ವರ್ಷದ ನಮ್ಮ ಅತ್ತೆ. ಅತ್ತೆಗೆ ಮಂಡಿನೋವು. 'ಅದೆಂತ ಪಾರ್ಕೋ, ಒಂದು ಕಡೆ ಕೂತು ನೋಡಿದರಾಯಿತು' ಎಂದುಕೊಂಡು ಬಂದವರು ಅವರು. ಆ ವಾಕ್ಯದಲ್ಲಿ ಎಷ್ಟು ತಪ್ಪುಗಳಿದ್ದವು ಎಂದು ಅವರಿಗೆ ಗೊತ್ತಿರಲಿಲ್ಲ.

ರಾತ್ರಿಯಿಡೀ ಬಸ್ಸು. ಬೆಳಿಗ್ಗೆ ಹತ್ತಕ್ಕೆ ಗೇಟು. ಟಿಕೆಟ್ ಕೌಂಟರಿನಲ್ಲಿ ಕೊಟ್ಟ ದುಡ್ಡಿಗೆ ನಮ್ಮೂರಲ್ಲಿ ಒಂದು ಡಜನ್ ಪ್ಲಾಸ್ಟಿಕ್ ಕುರ್ಚಿ ಬರುತ್ತಿತ್ತು. ಇದು ಆಮೇಲೆ ಹೊಳೆದ ಲೆಕ್ಕ. ಗೇಟಿನಲ್ಲಿ ಬ್ಯಾಗ್ ಬಿಚ್ಚಿಸಿದರು. ಹೊರಗಿನ ತಿಂಡಿ ಒಳಗೆ ಬಿಡುವುದಿಲ್ಲವಂತೆ. ಚಕ್ಕುಲಿ ಹೋಯಿತು. ಮುರುಗಲು ಪಾನಕದ ಬಾಟಲಿ ಹೋಯಿತು. ತೊಡದೇವಿನ ಕಟ್ಟು ಹಿಡಿದುಕೊಂಡು ಆ ಹುಡುಗ ಸ್ವಲ್ಪ ಹೊತ್ತು ಯೋಚಿಸಿದ. ತೊಡದೇವು ನಮ್ಮ ಕಡೆಯ ಸಿಹಿತಿಂಡಿ, ಹಾಳೆಯ ಹಾಗೆ ತೆಳ್ಳಗೆ, ಮಡಚಿಟ್ಟದ್ದು. 'ಡಾಕ್ಯುಮೆಂಟಾ?' ಎಂದು ಕೇಳಿದ. ಭಾವ ಒಂದು ಕ್ಷಣವೂ ತಡಮಾಡದೆ 'ಹೌದು, ಜಮೀನಿಂದು' ಎಂದ. ಒಳಗೆ ಬಿಟ್ಟರು. ಮಧ್ಯಾಹ್ನದವರೆಗೆ ನಾವು ಪಹಣಿ ಪತ್ರ ತಿಂದುಕೊಂಡು ಜೀವ ಹಿಡಿದಿದ್ದೆವು.

ಒಳಗೆ ಹೋದರೆ ಏನಿಲ್ಲ ಹೇಳಿ? ಆಕಾಶಕ್ಕೆ ಏರುವುದಿದೆ, ಪಾತಾಳಕ್ಕೆ ಬೀಳುವುದಿದೆ, ತಲೆಕೆಳಗಾಗುವುದಿದೆ. ಕೃತಕ ಮಳೆ, ಕೃತಕ ಅಲೆ, ಸಿಮೆಂಟಿನ ಡೈನೋಸಾರ್ ಎಲ್ಲಾ ಇವೆ. ಒಂದು ಬೆಂಚು ಇಲ್ಲ. ಇದ್ದ ನಾಲ್ಕೈದು ಬೆಂಚುಗಳ ಮೇಲೆ ಬೇರೆಯವರ ಬ್ಯಾಗುಗಳು ಕೂತಿದ್ದವು. ಬ್ಯಾಗುಗಳಿಗೆ ಮಂಡಿನೋವು ಇರಲಿಕ್ಕಿಲ್ಲ, ಆದರೂ ಅವು ಬೇಗ ಬಂದಿದ್ದವು. ಭಾವ ಟವೆಲ್ ಹಿಡಿದು ಪಾರ್ಕಿಗೆ ಎರಡು ಸುತ್ತು ಹಾಕಿ ಬಂದ. ಎಸೆಯಲು ಜಾಗವಿಲ್ಲದೆ ವಾಪಸು ಹೆಗಲಿಗೆ ಹಾಕಿಕೊಂಡ ಅವನ ಮುಖ ನೋಡಬೇಕಿತ್ತು.

ಅತ್ತೆ ಒಂದು ಗಿಡದ ಬುಡದ ಕಟ್ಟೆಯ ಮೇಲೆ ಕೂತರು. ಸೀಟಿ ಕೇಳಿಸಿತು. ಎದ್ದರು. ಮೆಟ್ಟಿಲ ಮೇಲೆ ಕೂತರು. ಮತ್ತೆ ಸೀಟಿ, ಮೆಟ್ಟಿಲು ಓಡಾಡಲಿಕ್ಕಂತೆ. ಕೊನೆಗೆ ನೆಲದ ಮೇಲೇ ಕೂತರು. ಸೆಕ್ಯೂರಿಟಿಯವನು ಹತ್ತಿರ ಬಂದು ಬಹಳ ಮರ್ಯಾದೆಯಿಂದ, 'ಇಲ್ಲಿ ಕೂರಬಾರದು ಮೇಡಂ, ಬೇರೆಯವರಿಗೆ ತೊಂದರೆಯಾಗುತ್ತೆ' ಎಂದ. ಬದುಕಿನಲ್ಲಿ ಮೊದಲ ಸಲ ಮೇಡಂ ಅನ್ನಿಸಿಕೊಂಡ ಅತ್ತೆಗೆ ಅದನ್ನು ಅನುಭವಿಸಲು ಕೂರಲೂ ಬಿಡಲಿಲ್ಲ.

ಹಳೆ ಟೂರಿಂಗ್ ಟಾಕೀಸಿನ ಕಾಲದಲ್ಲಿ ನೆಲ, ಬೆಂಚು, ಕುರ್ಚಿ ಎಂದು ಟಿಕೆಟ್ ಇರುತ್ತಿತ್ತು. ಟೆಂಟಿನ ಯಕ್ಷಗಾನಕ್ಕೂ ಹಾಗೇ. ದುಡ್ಡಿದ್ದವನು ಕುರ್ಚಿ, ಇಲ್ಲದವನು ನೆಲ. ಬಡವ ಬಲ್ಲಿದ ಎಂಬ ಭೇದ ಅದು ಎಂದು ನಾವು ಆಗ ಬೈಯುತ್ತಿದ್ದೆವು. ಈಗ ಅನ್ನಿಸುತ್ತದೆ, ಎಂಥ ಧಾರಾಳಿಗಳಪ್ಪಾ ಅವರು. ಎಲ್ಲರಿಗಿಂತ ಕಡಿಮೆ ದುಡ್ಡು ಕೊಟ್ಟವನಿಗೂ ನೆಲ ಸಿಗುತ್ತಿತ್ತು! ಇಲ್ಲಿ ಕುರ್ಚಿ ಕ್ಲಾಸಿನ ದುಡ್ಡು ಕೊಟ್ಟರೂ ನೆಲದ ಟಿಕೆಟ್ ಕೂಡ ಇಲ್ಲ.

ಇಡೀ ಪಾರ್ಕಿನಲ್ಲಿ ಒಳ್ಳೆಯ, ಮೆತ್ತನೆಯ, ಬೆನ್ನಿಗೆ ಒರಗು ಇರುವ ಸೀಟುಗಳು ಇಲ್ಲವೇ ಇಲ್ಲ ಎಂದಲ್ಲ. ನೂರಾರು ಇವೆ. ಆದರೆ ಅವೆಲ್ಲಾ ಗಾಳಿಯಲ್ಲಿ ತಲೆಕೆಳಗಾಗಿ ಹಾರುತ್ತಿರುತ್ತವೆ. ಅವುಗಳ ಬಾಗಿಲಲ್ಲಿ ಒಂದು ಬೋರ್ಡು. ಹೃದಯದ ತೊಂದರೆ, ಬೆನ್ನುನೋವು, ಕುತ್ತಿಗೆ ನೋವು ಇರುವವರು, ಗರ್ಭಿಣಿಯರು ಹತ್ತಬಾರದು. ಓದಿದ ನನಗೆ ಈ ಪಾರ್ಕಿನ ಧರ್ಮ ಅರ್ಥವಾಯಿತು. ಯಾರಿಗೆ ಕೂರಲೇಬೇಕೋ ಅವರನ್ನು ಕೂರಲು ಬಿಡುವುದಿಲ್ಲ. ಒಂದು ಕಡೆ ಕೂರಲು ಒಲ್ಲದ ಹುಡುಗರನ್ನು ಮಾತ್ರ ಬೆಲ್ಟು ಹಾಕಿ, ಕಬ್ಬಿಣದ ಸರಳು ಇಳಿಸಿ, ಬೀಗ ಜಡಿದು ಕೂರಿಸುತ್ತಾರೆ.

ಮಕ್ಕಳ ಜೊತೆ ನಾನೊಂದು ಸಾಲಿನಲ್ಲಿ ನಿಂತೆ. ಸಾಲು ಹಾವಿನ ಹಾಗೆ ಮಡಚಿಕೊಂಡಿತ್ತು. ನೋಡಿದವರೇ ಮತ್ತೆ ಮತ್ತೆ ಎದುರಾಗುತ್ತಾರೆ. ಮೂರನೇ ತಿರುವಿನಲ್ಲಿ ಹಾವೇರಿಯ ಒಬ್ಬರ ಪರಿಚಯವಾಯಿತು, ಏಳನೇ ತಿರುವಿಗೆ ಅವರ ಮಗಳಿಗೆ ಗಂಡು ಹುಡುಕುತ್ತಿರುವುದು ಗೊತ್ತಾಯಿತು. ಈ ನಿಲ್ಲುವ ಕೆಲಸ ನಡೆಯುವುದಕ್ಕಿಂತ ಕಷ್ಟದ್ದು. ನಡೆಯುವಾಗ ಮೀನಖಂಡದ ಸ್ನಾಯುಗಳು ಹಿಂಡಿ ಹಿಂಡಿ ಕಾಲಿನ ರಕ್ತವನ್ನು ಮೇಲಕ್ಕೆ ತಳ್ಳುತ್ತವೆ. ಸುಮ್ನೆ ನಿಂತರೆ ಆ ಪಂಪು ಬಂದ್. ರಕ್ತ ಕಾಲಲ್ಲೇ ನಿಲ್ಲುತ್ತದೆ, ಕಾಲು ಭಾರವಾಗುತ್ತದೆ, ಕೆಲವರಿಗೆ ತಲೆ ತಿರುಗುತ್ತದೆ. ನಿಂತಲ್ಲೇ ಹಿಮ್ಮಡಿ ಎತ್ತಿ ಇಳಿಸುತ್ತಿದ್ದರೆ ಸ್ವಲ್ಪ ಹಗುರ. ನಾನು ಹಾಗೆ ಮಾಡತೊಡಗಿದೆ. ಹಿಂದಿನವನು ಮಾಡಿದ. ಅವನ ಹಿಂದಿನವನೂ ಮಾಡಿದ. ಇದೂ ಒಂದು ರೈಡ್ ಎಂದುಕೊಂಡು ಯಾರೋ ವಿಡಿಯೋ ತೆಗೆದರು.

ನಮ್ಮ ಪಕ್ಕದಲ್ಲೇ ಇನ್ನೊಂದು ದಾರಿ ಇತ್ತು, ಖಾಲಿ. ಜಾಸ್ತಿ ದುಡ್ಡು ಕೊಟ್ಟವರು ಅದರಲ್ಲಿ ನೇರ ಹೋಗುತ್ತಿದ್ದರು. ದೇವಸ್ಥಾನದ ವಿಶೇಷ ದರ್ಶನ ನೋಡಿದ ನಮಗೆ ಇದೇನೂ ಹೊಸದಲ್ಲ. ಅಮೆರಿಕದ ಡಿಸ್ನಿಯವರು 1999ರಲ್ಲಿ ಸಾಲು ತಪ್ಪಿಸುವ ಚೀಟಿ ಶುರು ಮಾಡಿದಾಗ ಅದು ಪುಕ್ಕಟೆ ಇತ್ತು. 2021ರಲ್ಲಿ ಅದನ್ನು ತೆಗೆದು ದುಡ್ಡಿನದ್ದು ತಂದರು. ನಿಲ್ಲದೇ ಇರುವುದಕ್ಕೆ ರೇಟು ಬಂತು ಎಂದ ಮೇಲೆ ಕೂರುವುದಕ್ಕೆ ಬರುವುದು ಎಷ್ಟು ದೂರ?

ಬಂದಾಗಿದೆ. ಅದಕ್ಕೆ ಫುಡ್ ಕೋರ್ಟ್ ಎನ್ನುತ್ತಾರೆ. ಅಲ್ಲಿ ಕುರ್ಚಿಗಳಿದ್ದವು. ಭಾವನ ಕಣ್ಣು ಹೊಳೆಯಿತು. ಟವೆಲ್ ಹಾರಿತು, ನಾಲ್ಕು ಕುರ್ಚಿ ನಮ್ಮದಾಯಿತು. ಟವೆಲ್ ನೆಲೆಯೂರುವ ಮೊದಲೇ ಒಬ್ಬ ಹುಡುಗ ಬಂದು 'ಆರ್ಡರ್ ಸಾರ್?' ಎಂದ. ಒಂದು ಗೋಬಿ ಮಂಚೂರಿ ತರಿಸಿದೆವು. ಏಳು ಜನ, ಒಂದು ಪ್ಲೇಟು. ಪ್ಲೇಟು ಖಾಲಿಯಾದರೆ ಏಳಬೇಕು. ಹಾಗಾಗಿ ಪಾಳಿಯಲ್ಲಿ ಕೂತು, ಒಂದೊಂದು ಹೂವನ್ನು ನಾಲ್ಕು ತುಂಡು ಮಾಡಿ ತಿಂದೆವು. 50 ನಿಮಿಷ ಓಡಿಸಿದೆವು. ಕೊನೆಯ ತುಂಡನ್ನು ಅತ್ತೆ ತಿನ್ನಲೇ ಇಲ್ಲ, ಕಾವಲಿಗಿಟ್ಟರು. ಹುಡುಗ ಬಂದು ಅದನ್ನೂ ಒರೆಸಿಕೊಂಡು ಹೋದ.

ಆಮೇಲೆ ಅತ್ತೆ ಕಾಣಿಸಲಿಲ್ಲ. ಹುಡುಕಿದೆವು. ಸಣ್ಣ ಮಕ್ಕಳ ತಿರುಗುವ ಕುದುರೆ ಇರುತ್ತದಲ್ಲ, ಅದರಲ್ಲಿ ಕುದುರೆಗಳ ನಡುವೆ ಬೆಂಚಿನಂಥ ಒಂದು ರಥ ಇತ್ತು. ಅದರ ಮೇಲೆ ಅತ್ತೆ, ಸೆರಗು ಹೊದ್ದುಕೊಂಡು, ಕಣ್ಣು ಮುಚ್ಚಿಕೊಂಡು, ನಿಧಾನಕ್ಕೆ ತಿರುಗುತ್ತಿದ್ದರು. ಯಕ್ಷಗಾನದ ರಂಗಸ್ಥಳದಲ್ಲೂ ಇರುವುದು ಒಂದೇ ಆಸನ, ಅದಕ್ಕೂ ರಥ ಎಂದೇ ಹೆಸರು. ಪಾರ್ಕಿನ ಈ ರಥ ಮೂರು ನಿಮಿಷಕ್ಕೊಮ್ಮೆ ನಿಲ್ಲುತ್ತದೆ, ಇಳಿಯಬೇಕು, ಮತ್ತೆ 20 ನಿಮಿಷ ಸಾಲು. ಭಾವ ಬದಲಿಗೆ ಸಾಲಿನಲ್ಲಿ ನಿಲ್ಲುವ ಕೆಲಸ ವಹಿಸಿಕೊಂಡ. ಅತ್ತೆ ಐದು ಸಲ ಕೂತರು. 400 ಕಿಲೋಮೀಟರ್ ಬಂದು, ಅಷ್ಟು ದುಡ್ಡು ಸುರಿದು, ಒಟ್ಟು 15 ನಿಮಿಷ.

ತಮಾಷೆ ಏನು ಗೊತ್ತಾ? ಡಿಸ್ನಿಲ್ಯಾಂಡ್ ಎಂಬ ಯೋಚನೆ ಹುಟ್ಟಿದ್ದೇ ತಿರುಗುವ ಕುದುರೆಯ ಪಕ್ಕದ ಬೆಂಚಿನ ಮೇಲೆ. ವಾಲ್ಟ್ ಡಿಸ್ನಿ ಲಾಸ್ ಏಂಜಲೀಸಿನ ಗ್ರಿಫಿತ್ ಪಾರ್ಕಿಗೆ ಹೆಣ್ಣುಮಕ್ಕಳನ್ನು ಕರೆದುಕೊಂಡು ಹೋಗುತ್ತಿದ್ದ. ಮಕ್ಕಳು ಕುದುರೆಯ ಮೇಲೆ, ಅಪ್ಪ ಬೆಂಚಿನ ಮೇಲೆ, ಕೈಯಲ್ಲಿ ಶೇಂಗಾ. ದೊಡ್ಡವರೂ ಮಕ್ಕಳೂ ಒಟ್ಟಿಗೆ ಖುಷಿಪಡುವ ಜಾಗ ಇರಬೇಕಲ್ಲ ಎಂದು ಅಲ್ಲಿ ಕೂತಾಗ ಹೊಳೆಯಿತು ಎಂದು ಅವನೇ ಹೇಳಿಕೊಂಡಿದ್ದಾನೆ. 1955ರ ಜುಲೈ 17ಕ್ಕೆ ಡಿಸ್ನಿಲ್ಯಾಂಡ್ ಶುರುವಾಯಿತು. ಗ್ರಿಫಿತ್ ಪಾರ್ಕಿನ ಒಂದು ಬೆಂಚನ್ನು ಈಗ ಡಿಸ್ನಿಲ್ಯಾಂಡಿನಲ್ಲಿ ಪ್ರದರ್ಶನಕ್ಕೆ ಇಟ್ಟಿದ್ದಾರೆ. ನಮ್ಮವರು ಅದನ್ನೆಲ್ಲಾ ನೋಡಿ ನಕಲು ಮಾಡುವಾಗ ಕುದುರೆ ತಂದರು, ಶೇಂಗಾ ಗೇಟಿನಲ್ಲಿ ಕಸಿದುಕೊಂಡರು, ಬೆಂಚು ಮರೆತರು.

ನಮ್ಮ ಕಡೆ ಮಾತ್ರ ಬಹಳ ಚೆನ್ನಾಗಿದೆ ಎಂದು ಹೇಳುತ್ತಿಲ್ಲ. ಎರಡು ವರ್ಷಕ್ಕೊಮ್ಮೆ ಶಿರಸಿಯ ಮಾರಿಕಾಂಬಾ ಜಾತ್ರೆಯಲ್ಲಿ ತೊಟ್ಟಿಲು, ಸರ್ಕಸ್ಸು, ಬಳೆ ಅಂಗಡಿ ಎಲ್ಲಾ ಇರುತ್ತದೆ. ಬಿಡ್ಕಿಬೈಲಿನ ಆ ಜನಸಾಗರದಲ್ಲಿ ಸರಿಯಾಗಿ ಕೂರಲು ಜಾಗ ಸಿಗುವುದು ಗದ್ದುಗೆಯ ಮೇಲಿನ ಅಮ್ಮನಿಗೆ ಮಾತ್ರ. ಸಹಸ್ರಲಿಂಗಕ್ಕೆ ಹೋದರೆ ಶಾಲ್ಮಲೆ ಹೊಳೆಯ ತುಂಬ ಕಲ್ಲುಗಳಿವೆ ನಿಜ, ಆದರೆ ಕೂರುವ ಮೊದಲು ಅದರ ಮೇಲೆ ಲಿಂಗ ಕೆತ್ತಿದ್ದು ಉಂಟೋ ನೋಡಿಕೊಳ್ಳಬೇಕು. ಇಷ್ಟಾದರೂ ಜಾತ್ರೆಯಲ್ಲಿ ಯಾವುದೋ ಅಂಗಡಿಯ ಕಟ್ಟೆ ಸಿಗುತ್ತದೆ, ಸೀಟಿ ಊದುವವರು ಇರುವುದಿಲ್ಲ. ಮನೆಗೆ ಯಾರೇ ಬರಲಿ, ಅವರ ಹೆಸರು ಕೇಳುವ ಮೊದಲು 'ಕುತ್ಗ', ಅಂದರೆ ಕೂತುಕೋ, ಎನ್ನುವ ಊರು ಇದು. ಜಗುಲಿ ಅಂತ ಕಟ್ಟಿದ್ದೇ ಅದಕ್ಕೆ. ಎಲೆ ಅಡಿಕೆಯ ಕವಳದ ತಟ್ಟೆ ಮುಂದಿಟ್ಟು, ಬಾಯಾರಿಕೆಗೆ ಕೊಟ್ಟು, ಆಮೇಲೆ 'ಯಾವ ಕಡೆಯವರು?'

ಆ ಜಗುಲಿಗೂ ಈಗ ರೇಟು ಬಂದಿದೆ. ಶಿರಸಿ, ಯಲ್ಲಾಪುರದ ಹೋಂ ಸ್ಟೇಗಳಿಗೆ ಶುಕ್ರವಾರ ರಾತ್ರಿ ಬೆಂಗಳೂರಿನವರು ಬಂದಿಳಿಯುತ್ತಾರೆ. ಏನು ಮಾಡುತ್ತಾರೆ? ಜಗುಲಿಯ ಮೇಲೆ ಸುಮ್ನೆ ಕೂರುತ್ತಾರೆ. ಎರಡು ದಿನ ಕೂತು, ದುಡ್ಡು ಕೊಟ್ಟು, 'ತುಂಬಾ ಪೀಸ್‌ಫುಲ್' ಎಂದು ಹೇಳಿ ಹೋಗುತ್ತಾರೆ. ಅದೇ ಶುಕ್ರವಾರ ರಾತ್ರಿ ನಾವು ಆ ಕಡೆಗೆ ಹೊರಡುತ್ತೇವೆ, ದುಡ್ಡು ಕೊಟ್ಟು ನಿಲ್ಲಲು. ಎರಡು ಬಸ್ಸುಗಳೂ ರಾಣೆಬೆನ್ನೂರಿನ ಆಸುಪಾಸು ಎಲ್ಲೋ ಎದುರುಬದುರಾಗುತ್ತಿರಬೇಕು. ಡ್ರೈವರುಗಳು ಹಾರ್ನ್ ಹಾಕಿ ಕೈ ಎತ್ತುತ್ತಾರೆ. ನಗುವುದಕ್ಕೂ ಇರಬಹುದು.

ಇಷ್ಟು ದಿನ ಇದು ಬೆಂಗಳೂರಿನ ರೋಗ ಎಂದುಕೊಂಡಿದ್ದೆವು. ಈಚೆಗೆ ದೇವಿಮನೆ ಘಟ್ಟ ಇಳಿದು ಬಂದಿದೆ. ಮೊನ್ನೆ ಕರಾವಳಿಯ ಒಂದು ಬೀಚಿಗೆ ಹೋಗಿದ್ದೆವು, ಊರಿನ ಹೆಸರು ಬೇಡ. ಅಭಿವೃದ್ಧಿ ಮಾಡಿದ್ದಾರೆ ಎಂದು ಭಾವ ಕರೆದುಕೊಂಡು ಹೋದ. ಹೌದು, ಮಾಡಿದ್ದಾರೆ. ಸೆಲ್ಫಿಗೆ ಎರಡು ರೆಕ್ಕೆ, ಒಂದು ಕಿಟಕಿಯ ಚೌಕಟ್ಟು, ಒಂದು ಫೈಬರ್ ಡಾಲ್ಫಿನ್ ನಿಲ್ಲಿಸಿದ್ದಾರೆ. ಹೈಮಾಸ್ಟ್ ದೀಪ ಇದೆ. ಉದ್ಘಾಟನೆಯ ಕಲ್ಲಿನಲ್ಲಿ ಹೆಸರುಗಳು ಎಷ್ಟಿವೆ ಎಂದರೆ, ಆ ಕಲ್ಲನ್ನು ಮಲಗಿಸಿದರೆ ಆರು ಜನ ಆರಾಮವಾಗಿ ಕೂರಬಹುದು. ಮೊದಲು ಅಲ್ಲಿದ್ದ ಎರಡು ಸಿಮೆಂಟ್ ಬೆಂಚು ಕಿತ್ತಿದ್ದಾರೆ. ಯಾಕೆ ಎಂದು ಚಹಾ ಅಂಗಡಿಯವನನ್ನು ಕೇಳಿದರೆ, 'ಜನ ಬಂದು ಕೂರ್ತಿದ್ರು' ಎಂದ.

ನ್ಯೂಯಾರ್ಕಿನಲ್ಲಿ ವಿಲಿಯಂ ವೈಟ್ ಎಂಬಾತ 1970ರ ದಶಕದಲ್ಲಿ ಕ್ಯಾಮೆರಾ ಇಟ್ಟುಕೊಂಡು, ದೊಡ್ಡ ಕಟ್ಟಡಗಳ ಮುಂದಿನ ಬಯಲುಗಳಲ್ಲಿ ಜನ ಏನು ಮಾಡುತ್ತಾರೆ ಎಂದು ನೋಡಿದ್ದ. ಕೆಲವು ಬಯಲು ತುಂಬುತ್ತವೆ, ಕೆಲವು ಖಾಲಿ. ಕಾರಣ ಹುಡುಕಿ ಹುಡುಕಿ ಅವನಿಗೆ ಸಿಕ್ಕಿದ್ದು ಇಷ್ಟು: ಕೂರಲು ಜಾಗ ಇರುವಲ್ಲಿ ಜನ ಕೂರುತ್ತಾರೆ. ನಮ್ಮ ಚಹಾ ಅಂಗಡಿಯವನು ಕ್ಯಾಮೆರಾ ಇಲ್ಲದೆ ಅದನ್ನೇ ಹೇಳಿದ. ವ್ಯತ್ಯಾಸ ಇಷ್ಟೇ, ಅವರು ಅದನ್ನು ಸಂಶೋಧನೆ ಎಂದರು, ನಾವು ದೂರು ಎಂದೆವು.

ಅಷ್ಟರಲ್ಲಿ ಅತ್ತೆ ಮತ್ತೆ ಕಾಣೆ. ಈ ಸಲ ನಾವು ಗಾಬರಿಯಾಗಲಿಲ್ಲ. ಎಲ್ಲೋ ಸೀಟು ಸಿಕ್ಕಿರಬೇಕು ಅಷ್ಟೆ. ಊರಿನ ಹೆಸರಿನ ಮೊದಲು 'ಐ ಲವ್' ಎಂದು ಆಳೆತ್ತರದ ಇಂಗ್ಲಿಷ್ ಅಕ್ಷರ ನಿಲ್ಲಿಸಿದ್ದರು. 'ಎಲ್' ಅಕ್ಷರ ನೋಡಿದ್ದೀರಲ್ಲ? ಕುರ್ಚಿಯ ಆಕಾರವೇ. ಒರಗಿಗೆ ಒರಗು, ಆಸನಕ್ಕೆ ಆಸನ. ಅದರಲ್ಲಿ ಕಾಲು ಚಾಚಿ ಕೂತು ಅತ್ತೆ ಸಮುದ್ರ ನೋಡುತ್ತಿದ್ದರು. ಮುಂದೆ ಫೋಟೋಕ್ಕೆ ಬಂದವರ ಗುಂಪು. ಒಬ್ಬಳು ಹುಡುಗಿ ಮೊಬೈಲ್ ಹಿಡಿದುಕೊಂಡು, 'ಅಜ್ಜಿ, ಸ್ವಲ್ಪ ಏಳ್ತೀರಾ? ನಾವು ಇಲ್ಲಿ...' ಎಂದಳು.

ಅತ್ತೆ ಅವಳನ್ನು ಮೇಲಿಂದ ಕೆಳಗೆ ನೋಡಿದರು. ಪಾಪ, ಅವಳೂ ಬೆಳಿಗ್ಗೆಯಿಂದ ನಿಂತಿದ್ದಿರಬೇಕು.

'ಬಾ ತಂಗಿ, ಕುತ್ಗ' ಎಂದರು. 'ಪಕ್ಕದ 'ಓ' ಖಾಲಿ ಇದ್ದು.'